ಬಸಳೆಗೆ ಆನಿಸಿದ ಬೋರ್ಡು

ಮೊನ್ನೆ ಶನಿವಾರ ಹಿತ್ತಲಿನಲ್ಲಿ ಬಸಳೆ ಕೊಯ್ಯುವಾಗ ಕೈಗೆ ತಂತಿಯೊಂದು ತಗುಲಿತು. ಎಲೆ ಸರಿಸಿ ನೋಡಿದರೆ ಹಳೆಯ ಬೋರ್ಡು. ನೀಲಿ ಬಣ್ಣವೆಲ್ಲ ಕ್ಯಾಲಿಫೋರ್ನಿಯಾದ ಈ ಡಬ್ಲಿನ್ನಿನ ಬಿಸಿಲಿಗೆ ಸುಣ್ಣದ ನೀರಿನಂತಾಗಿದೆ, ಅಕ್ಷರಗಳು ಮಾತ್ರ ಇನ್ನೂ ನಾಚಿಕೆಯಿಲ್ಲದೆ ನಿಂತಿವೆ: 'ಭವಿಷ್ಯದ ನಾಯಕರೊಬ್ಬರು ಈ ಮನೆಯಲ್ಲಿ ವಾಸವಾಗಿದ್ದಾರೆ.' ಇಂಗ್ಲಿಷಿನಲ್ಲಿರುವುದನ್ನು ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ಇಂಗ್ಲಿಷಿನಲ್ಲೂ ಅದು ಇಷ್ಟೇ ಹಾಸ್ಯಾಸ್ಪದವಾಗಿದೆ.

ಆರು ವರ್ಷದ ಹಿಂದೆ, ಮಗಳ ಶಾಲೆಯವರು ಕೊಟ್ಟ ಈ ಬೋರ್ಡು ನಮ್ಮ ಮನೆಯ ಮುಂದಿನ ಹುಲ್ಲಿನಲ್ಲಿ, ಹೋಗಿಬರುವವರಿಗೆಲ್ಲ ಕಾಣುವ ಹಾಗೆ ನಿಂತಿತ್ತು. ಐದು ತಿಂಗಳಾದ ಮೇಲೆ ಹಿತ್ತಲಿಗೆ ಬಂತು. ಕಸದ ಡಬ್ಬಿಗೆ ಹಾಕಲು ಹೊರಟವಳು ನಾನು. ನನ್ನ ಗಂಡ ಉಡುಪಿಯ ಕಡೆಯವರು. ಬಸಳೆ ಬೆಳೆಯದ ಮನೆಯನ್ನು ಮನೆಯೆಂದೇ ಒಪ್ಪುವವರಲ್ಲ. "ತಂತಿ ಗಟ್ಟಿ ಉಂಟಲ್ಲ, ಬಿಸಾಡುದು ಎಂತಕ್ಕೆ?" ಎಂದು ಬಳ್ಳಿಯ ಬುಡಕ್ಕೆ ಚುಚ್ಚಿದರು. ಆ ಶಾಲೆಯಿಂದ ನಮ್ಮ ಮನೆಗೆ ಏನಾದರೂ ಆಸರೆ ಸಿಕ್ಕಿದ್ದರೆ ಅದು ಈ ತಂತಿ, ಅದೂ ಬಸಳೆಗೆ.

ಬೋರ್ಡನ್ನು ದಿಟ್ಟಿಸುತ್ತಾ ನಿಂತಿದ್ದಾಗಲೇ ಅಶ್ವಿನಿಯ ಫೋನು ಬಂತು. ಅಶ್ವಿನಿ ನಮ್ಮ ಪಕ್ಕದ ಟೌನ್‌ಹೌಸಿನವಳು, ಮಂಡ್ಯದ ಹುಡುಗಿ, ಬಂದು ಇನ್ನೂ ವರ್ಷವಾಗಿಲ್ಲ. ಅವಳ ಮಗು ಈ ಸಲ ಶಾಲೆ ಸೇರಬೇಕು. ಮಾತು ಇನ್ನೂ ಸರಿಯಾಗಿ ಬಂದಿಲ್ಲ, ಜನ ಕಂಡರೆ ಮೇಜಿನ ಕೆಳಗೆ ಸೇರಿಕೊಳ್ಳುತ್ತದೆ.

"ಅಕ್ಕಾ, ಆ ಚಾರ್ಟರ್ ಸ್ಕೂಲಲ್ಲಿ ವೇಯ್ಟ್‌ಲಿಸ್ಟಿಂದ ಸೀಟ್ ಬಂತು. ಫಾರಂನಲ್ಲಿ ಸ್ಪೆಷಲ್ ನೀಡ್ಸ್ ಅಂತ ಒಂದು ಬಾಕ್ಸ್ ಇತ್ತು, ನಾನು ಟಿಕ್ ಮಾಡ್ಬಿಟ್ಟೆ. ಈಗ ಗುರುವಾರ ಬನ್ನಿ, ಸ್ವಲ್ಪ ಮಾತಾಡೋಣ ಅಂತಿದ್ದಾರೆ. ಟಿಕ್ ಮಾಡಿದ್ದೇ ತಪ್ಪಾಯ್ತೇನೋ. ನಿಮ್ಮ ಚಾರೂನೂ ಅಲ್ಲೇ ಓದಿದ್ಲಂತಲ್ಲ, ಕೇಳೋಣ ಅಂತ."

ಒಂದು ಗಂಟೆ ಬಿಟ್ಟು ಬನ್ನಿ ಎಂದೆ. ಆ ಒಂದು ಗಂಟೆ ನೀವು ನನ್ನ ಜೊತೆ ಕೂತಿರಿ. ಸೊಪ್ಪು ಬಿಡಿಸುತ್ತಾ ಹೇಳುತ್ತೇನೆ. ಒಬ್ಬ ನೆಂಟರನ್ನು ಬಿಟ್ಟರೆ ಇದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ, ಉಳಿದವರಿಗೆ ಹೇಳಿದ್ದೆಲ್ಲ ಸುಳ್ಳು.

ಚಾರು ನನ್ನ ಒಬ್ಬಳೇ ಮಗಳು. ಆಟಿಸಂ ಇದೆ. ಆ ಮೂರು ಅಕ್ಷರವನ್ನು ಹೀಗೆ ಒಂದೇ ಉಸಿರಿಗೆ ಬರೆಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಊರಿಗೆ ಫೋನು ಮಾಡಿದಾಗಲೆಲ್ಲ ನಮ್ಮದು ಒಂದೇ ಪಲ್ಲವಿ: "ಮಾತು ಸ್ವಲ್ಪ ಲೇಟು ಅಷ್ಟೆ." ಹಾಸನದಿಂದ ನಮ್ಮಮ್ಮ ಅದಕ್ಕೆ ಸರಿಯಾಗಿ, "ನಿಮ್ಮ ಮಾವನೂ ಹಾಗೇ ಕಣೆ, ಐದು ವರ್ಷಕ್ಕೆ ಮಾತಾಡಿದ್ದು, ಆಮೇಲೆ ನಿಲ್ಲಿಸ್ಲೇ ಇಲ್ಲ" ಅನ್ನುತ್ತಿದ್ದಳು. ಪ್ರತಿ ಕುಟುಂಬದಲ್ಲೂ ಇಂಥ ಮಾವನೊಬ್ಬನಿರುತ್ತಾನೆ. ಅವನನ್ನು ನಂಬಿಕೊಂಡು ಎಷ್ಟು ಮಕ್ಕಳ ಎಷ್ಟು ವರ್ಷ ಹಾಳಾಗಿದೆಯೋ.

ಚಾರು ಮೊದಲು ಸೇರಿದ್ದು ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಪಬ್ಲಿಕ್ ಸ್ಕೂಲು, ಅಂದರೆ ನಮ್ಮ ಮಾತಿನಲ್ಲಿ ಸರ್ಕಾರಿ ಶಾಲೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ಇಲ್ಲಿ ಶಾಲೆಯವರೂ ಹೆತ್ತವರೂ ಒಟ್ಟಿಗೆ ಕೂತು ವರ್ಷಕ್ಕೊಂದು ಸಲ ಒಂದು ಕರಾರು ಬರೆಯುತ್ತಾರೆ: ಏನು ಕಲಿಸುವುದು, ಯಾರು ಕಲಿಸುವುದು, ವಾರಕ್ಕೆ ಎಷ್ಟು ಹೊತ್ತು. ಅದಕ್ಕೆ ಐಇಪಿ ಅನ್ನುತ್ತಾರೆ. ನಾನು ಅದನ್ನು 'ಫೈಲು' ಅನ್ನುತ್ತಿದ್ದೆ, ಪೊಲೀಸ್ ಠಾಣೆಯಲ್ಲಿ ಅನ್ನುವ ಹಾಗೆ. ಚಾರುವಿನ ಫೈಲಿನಲ್ಲಿ ಬರೆದಿದ್ದ ಮೊದಲ ಗುರಿ ಇದು: ತನಗೆ ಬೇಡವಾದದ್ದನ್ನು ಅಳದೆ, ಕೈ ಕಚ್ಚಿಕೊಳ್ಳದೆ, ಬಾಯಿಬಿಟ್ಟು 'ಬೇಡ' ಎಂದು ಹೇಳುವುದು, ಐದು ಸಲದಲ್ಲಿ ನಾಲ್ಕು ಸಲ.

ನನಗೆ ನಗು ಬಂತು. ನಮ್ಮ ಮನೆಗಳಲ್ಲಿ ಮಕ್ಕಳು ಬೇಡ ಅನ್ನುವುದನ್ನು ಬಿಡಿಸಲು ಹೆಣಗುತ್ತೇವೆ, ಇವರು ಅದನ್ನೇ ಪಾಠ ಮಾಡಿ ಕಲಿಸುತ್ತಾರಂತೆ. ಒಂದನೆಯ ಗುರಿ ಲೆಕ್ಕವಲ್ಲ, ಓದಲ್ಲ, ಹಟ. ಮನೆಗೆ ಬಂದು ಗಂಡನ ಮುಂದೆ ಅಭಿನಯ ಮಾಡಿ ತೋರಿಸಿದ್ದೂ ಉಂಟು.

ಮಾತು ಕಲಿಸುವ ಟೀಚರು ಮೂರು ಶಾಲೆಗಳಿಗೆ ಒಬ್ಬರೇ. ಅವರ ತರಗತಿ ಪಾರ್ಕಿಂಗ್ ಪಕ್ಕದ ತಗಡಿನ ಕೋಣೆ. ಆಟದ ಸಾಮಾನೆಲ್ಲ ಅವರ ಕಾರಿನ ಡಿಕ್ಕಿಯಲ್ಲೇ ಇರುತ್ತಿತ್ತು. ಒಂದು ದಿನ ನನ್ನನ್ನು ತಡೆದು, ಮನೆಯಲ್ಲಿ 'ನೋ' ಎಂಬುದಕ್ಕೆ ಏನನ್ನುತ್ತೀರಿ ಎಂದು ಕೇಳಿದರು. 'ಬೇಡ' ಎಂದೆ. ಅವರು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಅಂಗೈ ಮೇಲೆ ಬರೆದುಕೊಂಡು, 'ಬೇಡಾ, ಬೇಡಾ' ಎಂದು ಗೊಣಗುತ್ತಾ ಮುಂದಿನ ಶಾಲೆಗೆ ಹೊರಟುಹೋದರು. ಯುಗಾದಿ ಹೊತ್ತಿಗೆ ಒಂದು ಬೆಳಿಗ್ಗೆ ಚಾರು ತಟ್ಟೆಯನ್ನು ದೂರ ತಳ್ಳಿ, ನನ್ನ ಮುಖ ನೋಡಿ, 'ಬೇಡ' ಎಂದಳು. ತಟ್ಟೆಯಲ್ಲಿದ್ದದ್ದು ನನ್ನ ಉಪ್ಪಿಟ್ಟು. ಮಗಳು ಸಂದರ್ಭಕ್ಕೆ ತಕ್ಕ ಹಾಗೆ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ನಾನು ಸಂತೋಷದಿಂದ ಅತ್ತೆ. ಆ ಉಪ್ಪಿಟ್ಟನ್ನು ಆಮೇಲೆ ಗಂಡ ತಿಂದರು, ಅವರಿಗೆ ಬೇಡ ಅನ್ನಲು ಯಾರೂ ಕಲಿಸಿರಲಿಲ್ಲ.

ಇಷ್ಟಾದ ಮೇಲೆ ಸುಮ್ಮನಿರಬೇಕಿತ್ತು ತಾನೆ? ಸುಮ್ಮನಿದ್ದರೆ ಅದು ನಾವಾಗುತ್ತಿರಲಿಲ್ಲ. ನಮ್ಮ ಕನ್ನಡದ ಹೆಂಗಸರದ್ದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಅಡುಗೆ, ಸೀರೆ, ವೀಸಾಗಳ ನಡುವೆ ಶಾಲೆಗಳ ಜಾತಕ ಕೂಡಿಸುವ ಕೆಲಸವೂ ನಡೆಯುತ್ತದೆ. ಯಾವ ಶಾಲೆಗೆ ಎಷ್ಟು ರೇಟಿಂಗು, ಯಾವ ಶಾಲೆಯ ಮಕ್ಕಳು 'ಬೇರೆ ಥರದವರು'. ಆ ಕೊನೆಯ ಮಾತನ್ನು ಬಹಳ ನಾಜೂಕಾಗಿ ಆಡುತ್ತಾರೆ. ಗುಂಪಿನ ಯಜಮಾನಿ ಸ್ಮಿತಾ ನನ್ನ ಕಾಲೇಜಿನ ಗೆಳತಿ. ಖಾಸಗಿ ಮಂಡಳಿ ನಡೆಸುವ, ಚೀಟಿ ಎತ್ತಿ ಸೀಟು ಕೊಡುವ ಹೊಸ ಚಾರ್ಟರ್ ಶಾಲೆಯ ಸುದ್ದಿ ತಂದವಳು ಅವಳೇ.

"ಸೂಪರ್ ಸ್ಕೂಲ್ ಕಣೇ. ಯೂನಿಫಾರ್ಮು, ಡಿಸಿಪ್ಲಿನ್ನು, ನಮ್ಮ ಕಾನ್ವೆಂಟ್ ಥರಾನೇ. ಫೀಸಿಲ್ಲ. ಲಾಟರಿ ಹಾಕು. ಮತ್ತೆ ಆ ಫೈಲ್ ಗೀಲ್ ತೋರ್ಸಕ್ಕೆ ಹೋಗ್ಬೇಡ, ಸುಮ್ನೆ ಲೇಬಲ್ ಮೆತ್ತಿಬಿಡ್ತಾರೆ. ಫ್ರೆಶ್ ಸ್ಟಾರ್ಟ್ ಅನ್ಕೋ."

ಫ್ರೆಶ್ ಸ್ಟಾರ್ಟ್. ಇಷ್ಟು ದಡ್ಡ ಮಾತನ್ನು ಎರಡು ಮಾಸ್ಟರ್ಸ್ ಡಿಗ್ರಿ ಇದ್ದವಳು ಹೇಳಿದಳು, ಒಂದು ಮಾಸ್ಟರ್ಸ್ ಡಿಗ್ರಿ ಇದ್ದ ನಾನು ನಂಬಿದೆ. ಲಾಟರಿ ಹಾಕಿದೆವು. ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿ ಚಾರುವಿನ ಹೆಸರಿನಲ್ಲಿ ಅರ್ಚನೆಯನ್ನೂ ಮಾಡಿಸಿದೆವು. ಅಲ್ಲಿ ಸಾಲಿನಲ್ಲಿ ನಿಂತಿದ್ದ ಅರ್ಧ ಜನ ಅದೇ ಲಾಟರಿಗೆ ಬಂದವರು; ದೇವರಿಗೆ ಆ ವಾರ ದೊಡ್ಡ ಧರ್ಮಸಂಕಟವಾಗಿರಬೇಕು. ಸೀಟು ಬಂತು. ವಿಶೇಷ ಅಗತ್ಯವೇನಾದರೂ ಇದೆಯೇ ಎಂದು ಫಾರಂ ಕೇಳಿತ್ತು. ಪೆನ್ನು ಆ ಚೌಕದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ದಾಟಿಕೊಂಡು ಹೋಯಿತು. ಪೆನ್ನು ಅಂದೆನಲ್ಲ, ನೋಡಿ, ಇವತ್ತಿಗೂ 'ನಾನು' ಅನ್ನಲು ಬಾಯಿ ಬರುವುದಿಲ್ಲ.

ಬೋರ್ಡು ಕೊಟ್ಟರು, ನೆಟ್ಟೆವು. ನೀಲಿ ಅಂಗಿ ತೊಟ್ಟ ಚಾರು ಒಂದನೇ ತರಗತಿಗೆ ಹೋದಳು. ಅಲ್ಲಿ ಬೆಳಗಾದರೆ ಮಕ್ಕಳೆಲ್ಲ ಸಾಲಾಗಿ ನಿಂತು, ಚಪ್ಪಾಳೆ ತಟ್ಟಿ, ನಾವು ನಾಯಕರು, ನಾವು ನಾಯಕರು ಎಂದು ಕೂಗಬೇಕು. ಇಷ್ಟೊಂದು ನಾಯಕರನ್ನು ಒಂದೇ ಸಾಲಿನಲ್ಲಿ ಬಾಯಿ ಮೇಲೆ ಬೆರಳಿಟ್ಟು ನಡೆಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಚಾರು ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಡುತ್ತಿದ್ದಳು. ನಾಯಕರ ಸಾಲು ಅವಳನ್ನು ಬಳಸಿಕೊಂಡು ಮುಂದೆ ಹೋಗುತ್ತಿತ್ತು.

ಮಾತಿನ ಪಾಠ ಇರಲಿಲ್ಲ, ಫೈಲನ್ನು ನಾನೇ ಬಟ್ಟೆಯ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಿದ್ದೆನಲ್ಲ. ಒಂದು ತಿಂಗಳಾದ ಮೇಲೆ ಫೋನುಗಳು ಶುರುವಾದವು. ಹನ್ನೊಂದು ಗಂಟೆಗೆ ಸರಿಯಾಗಿ, ಸಕ್ಕರೆಯಂಥ ದನಿ: ಇವತ್ತು ಅವಳಿಗೆ ಸ್ವಲ್ಪ ಕಷ್ಟದ ದಿನ, ಬೇಗ ಕರೆದುಕೊಂಡು ಹೋಗಲು ಆಗುತ್ತದೆಯೇ? ನಾನು ಮಿಲ್ಪಿಟಾಸಿನ ಆಫೀಸಿನಿಂದ ಮೀಟಿಂಗು ಅರ್ಧಕ್ಕೆ ಬಿಟ್ಟು ಫ್ರೀವೇ ಹಿಡಿಯುತ್ತಿದ್ದೆ. ಹೀಗೆ ಮನೆಗೆ ಕಳಿಸಿದ ದಿನಗಳು ಯಾವ ದಾಖಲೆಯಲ್ಲೂ ಇಲ್ಲ. ಯಾರೂ ಅವಳನ್ನು ಹೊರಗೆ ಹಾಕಲಿಲ್ಲ. ತಾಯಿಯೇ ಬಂದು ಕರೆದುಕೊಂಡು ಹೋದಳು, ಅದೂ ಥ್ಯಾಂಕ್ಸ್ ಹೇಳಿ.

ದೀಪಾವಳಿ ಕಳೆಯಿತು. ಒಂದು ಬೆಳಿಗ್ಗೆ ಅವಳ ಮುಂದೆ ಬೇಕೆಂದೇ ಉಪ್ಪಿಟ್ಟು ಇಟ್ಟೆ. ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ತುಟಿ ಅಲುಗಾಡಿತು, ಮಾತು ಬರಲಿಲ್ಲ. ಆಮೇಲೆ ತನ್ನ ಮುಂಗೈಯನ್ನು ಬಾಯಿಗಿಟ್ಟು ಕಚ್ಚಿಕೊಂಡಳು. ಇದ್ದ ಒಂದು ಮಾತನ್ನೂ ನಾವು ಕಳೆದಿದ್ದೆವು. ಆ ದಿನದ ನೆನಪಾದರೆ ನನಗೆ ಈಗಲೂ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಜನವರಿಯಲ್ಲಿ ಶಾಲೆಯ ಮುಖ್ಯಸ್ಥೆಯಿಂದ ಕರೆ ಬಂತು. ಗುರುಗಳ ಬಳಿ ಬರಿಗೈಯಲ್ಲಿ ಹೋಗಬಾರದು ಎಂದು ನಮಗೆ ಯಾರು ಕಲಿಸಿದರೋ, ನಾನು ಹಿಂದಿನ ದಿನವೇ ಕೂತು ಕಾಜು ಬರ್ಫಿ ಮಾಡಿದೆ. ಮುಖ್ಯಸ್ಥೆ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು, ಇದರಲ್ಲಿ ಬೀಜಗಳಿವೆಯೇ ಎಂದು ವಿಚಾರಿಸಿದರು. ಗೋಡಂಬಿ ಎಂದೆ. ಕೆಲವು ಮಕ್ಕಳಿಗೆ ಅಲರ್ಜಿ, ಈ ಕ್ಯಾಂಪಸ್ಸಿನಲ್ಲಿ ಬೀಜಗಳಿಗೆ ಪ್ರವೇಶವಿಲ್ಲ ಎಂದು ಮುಗುಳ್ನಕ್ಕು, ಸಹಾಯಕಿಯ ಕೈಯಲ್ಲಿ ಡಬ್ಬಿಯನ್ನು ನಮ್ಮ ಕಾರಿನವರೆಗೆ ಸಾಗಿಸಿದರು. ಸೂಚನೆ ಅಷ್ಟು ಸ್ಪಷ್ಟವಾಗಿತ್ತು, ನಮಗೇ ತಿಳಿಯಲಿಲ್ಲ.

ಮೇಜಿನ ಮೇಲೆ ಚಾರುವಿನ ಹಳೆಯ ಫೈಲಿನ ಪ್ರತಿ ಇತ್ತು. ಹಿಂದಿನ ಶಾಲೆಯಿಂದ ತರಿಸಿದ್ದರು. "ನೀವು ಇದನ್ನು ನಮಗೆ ಹೇಳಿರಲಿಲ್ಲ" ಎಂದರು ಮುಖ್ಯಸ್ಥೆ. ಗದರಲಿಲ್ಲ, ತುಂಬ ಮೃದುವಾಗಿ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಗಂಡನೂ ಒಟ್ಟಿಗೇ ತಲೆ ತಗ್ಗಿಸಿದೆವು. ಅಲ್ಲಿಂದ ಮುಂದಿನದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಚಾರು ನಮಗೆ ಬಹಳ ಪ್ರೀತಿಯ ಮಗು ಎಂದರು. ಆದರೆ ಅವಳಿಗೆ ಬೇಕಾದ ಪರಿಣತಿ ದೊಡ್ಡ ಶಾಲೆಗಳಲ್ಲಿ ಚೆನ್ನಾಗಿರುತ್ತದೆ ಎಂದರು. ನಾವು ಬೇಡ ಅನ್ನುತ್ತಿಲ್ಲ, ಅವಳ ಹಿತ ಯಾವುದು ಎಂದು ನೀವೇ ಹೇಳಿ ಎಂದರು. ಹೇಳುತ್ತಾ ಹೇಳುತ್ತಾ ಒಂದು ಹಾಳೆಯನ್ನು ನಮ್ಮ ಕಡೆಗೆ ಸರಿಸಿದರು. ಹೆತ್ತವರು ಸ್ವಂತ ಇಚ್ಛೆಯಿಂದ ಮಗುವನ್ನು ಶಾಲೆಯಿಂದ ಬಿಡಿಸುತ್ತಿದ್ದಾರೆ ಎಂದು ಅದರಲ್ಲಿತ್ತು.

ಅಲ್ಲಿ ನಾನು ಆಡಬೇಕಾಗಿದ್ದದ್ದು ಒಂದೇ ಮಾತು. ಆರು ವರ್ಷದ ಮಗುವಿಗೆ ಕಲಿಸಲು ಬರೆದಿಟ್ಟಿದ್ದ ಮಾತು. ಅದು ನನ್ನ ಬಾಯಿಂದ ಬರಲಿಲ್ಲ. ದೊಡ್ಡವರು ಹಾಳೆ ಕೊಟ್ಟರೆ ಸಹಿ ಹಾಕುವುದು ನಮಗೆ ರಕ್ತದಲ್ಲೇ ಬಂದದ್ದು. ಅವರ ಪೆನ್ನು ಬರೆಯಲಿಲ್ಲ, ನಾನು ನನ್ನ ಬ್ಯಾಗಿನಿಂದ ಪೆನ್ನು ತೆಗೆದು ಸಹಿ ಮಾಡಿದೆ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಗಂಡ ಎದ್ದುನಿಂತು ಕೈ ಕುಲುಕಿದರು.

ಆ ಭಾನುವಾರ ವಾರಿಜಕ್ಕ ಮನೆಗೆ ಬಂದರು. ವಾರಿಜಕ್ಕ ನನ್ನ ಗಂಡನ ಸೋದರತ್ತೆಯ ಮಗಳು. ಪಬ್ಲಿಕ್ ಸ್ಕೂಲೊಂದರಲ್ಲಿ ವಿಶೇಷ ಮಕ್ಕಳ ತರಗತಿಯಲ್ಲಿ ಸಹಾಯಕಿ. ಮಕ್ಕಳಿಗೆ ಊಟ ಮಾಡಿಸುವುದು, ಶೂ ಹಾಕಿಸುವುದು, ಓಡಿಹೋದವರನ್ನು ಹಿಡಿದು ತರುವುದು ಅವರ ಕೆಲಸ. ಬರ್ತ್‌ಡೇ ಪಾರ್ಟಿಗಳಲ್ಲಿ ನಾವು ಅವರನ್ನು 'ಎಜುಕೇಷನ್ ಫೀಲ್ಡಲ್ಲಿದ್ದಾರೆ' ಎಂದು ಪರಿಚಯಿಸುತ್ತಿದ್ದೆವು. ಬೆನ್ನ ಹಿಂದೆ ಆಯಾ ಅನ್ನುತ್ತಿದ್ದೆವು. ನಾನೂ ಅಂದಿದ್ದೇನೆ. ಅವರು ಬರ್ಫಿ ತಿನ್ನುತ್ತಾ ಕಥೆ ಪೂರ್ತಿ ಕೇಳಿದರು.

"ನೀನು ಸೈನ್ ಹಾಕಿದ್ದು ಎಂತಕ್ಕೆ ಮಾರಾಯ್ತಿ?"

"ನಾವೇ ಸುಳ್ಳು ಹೇಳಿದ್ವಲ್ಲ ಅಕ್ಕಾ."

"ನೀನು ಸುಳ್ಳು ಹೇಳಿದ್ದು ತಪ್ಪೇ. ಅದಕ್ಕೆ ಮಗು ಎಂತ ಮಾಡ್ತು? ಆ ಶಾಲೆಯೂ ಸರ್ಕಾರದ ದುಡ್ಡಲ್ಲೇ ನಡೆಯುದು. ಈ ಮಗು ಬೇಡ ಅಂತ ಹೇಳ್ಲಿಕ್ಕೆ ಕಾನೂನಲ್ಲಿ ಅವರಿಗೂ ಆಗುದಿಲ್ಲ. ಅದಕ್ಕೇ ಅವರು ಹೇಳ್ಲಿಲ್ಲ, ನಿನ್ನ ಬಾಯಲ್ಲಿ ಹೇಳಿಸಿದ್ದು."

ವಾರಿಜಕ್ಕ ಕೈ ಒರೆಸಿಕೊಂಡು, "ನಾಳೆ ಬೆಳಿಗ್ಗೆ ಹಳೇ ಶಾಲೆಗೆ ಹೋಗು. ಸ್ವೀಟ್ ಬೇಡ, ಕರೆಂಟ್ ಬಿಲ್ ತಗೊಂಡು ಹೋಗು" ಎಂದರು.

ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಚ್ಯೂಯಿಂಗ್ ಗಮ್ ಅಗಿಯುತ್ತಿದ್ದಳು. ನಗಲಿಲ್ಲ, ಪ್ರೀತಿಯ ಮಗು ಅನ್ನಲಿಲ್ಲ, ಪರಿಣತಿಯ ಮಾತೆತ್ತಲಿಲ್ಲ. ವಿಳಾಸಕ್ಕೆ ಕರೆಂಟ್ ಬಿಲ್ ನೋಡಿದಳು, ಕೀಬೋರ್ಡು ಕುಟ್ಟಿದಳು, ಕೋಣೆಯ ನಂಬರು ಹೇಳಿದಳು. ನನ್ನ ಮಗಳಿಗೆ ಈ ದೇಶದಲ್ಲಿ ಸಿಕ್ಕ ಅತ್ಯಂತ ಗೌರವದ ಸ್ವಾಗತ ಅದು.

ಆ ಶಾಲೆ ಸ್ವರ್ಗ ಎಂದು ನಾನು ಹೇಳಿದೆನೆಂದು ತಿಳಿಯಬೇಡಿ. ಅಂಗೈ ಮೇಲೆ ಕನ್ನಡ ಬರೆದುಕೊಂಡ ಟೀಚರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು, ಹೊಸಬರು ಬರುವ ಹೊತ್ತಿಗೆ ಬೇಸಿಗೆ ರಜೆ ಬಂದಿತ್ತು. ಮೀಟಿಂಗು ಅಂದರೆ ಒಂದು ಮದುವೆ ದಿಬ್ಬಣದಷ್ಟು ಜನ. ಎಲ್ಲರಿಗೂ ಒಂದೊಂದು ಹುದ್ದೆ, ಯಾರಿಗೂ ಪುರುಸೊತ್ತಿಲ್ಲ. ಕಳಿಸಿದ ಈಮೇಲು ಬಾವಿಗೆ ಬಿದ್ದ ಬಿಂದಿಗೆ. ತಗಡಿನ ಕೋಣೆ ಇವತ್ತಿಗೂ ಅದೇ ತಗಡಿನ ಕೋಣೆ. ಸುತ್ತಲಿನ ಶಾಲೆಗಳು ತಮಗೆ ಬೇಕಾದ ಮಕ್ಕಳನ್ನು ಸೋಸಿಕೊಂಡು, ಚರಟವನ್ನು ಇಲ್ಲಿಗೆ ಸುರಿದು, ಆಮೇಲೆ ನಿಮ್ಮ ರೇಟಿಂಗ್ ಯಾಕೆ ಕಡಿಮೆ ಎಂದು ಇವರನ್ನೇ ಕೇಳಿದರೆ ಪಾಪ ಅವರಾದರೂ ಏನು ಮಾಡಿಯಾರು. ಜಗಳ ಮಾಡಿ ಮಾಡಿ ಕೊನೆಗೆ ಎಲ್ಲ ಸಿಕ್ಕಿತು. ಕಳೆದುಹೋದ ಆ ಒಂದು ಮಾತು ಚಾರುವಿನ ಬಾಯಿಗೆ ಮರಳಿ ಬರಲು ಎರಡು ವರ್ಷ ಹಿಡಿಯಿತು.

ನನ್ನ ಕಥೆಯ ಅತ್ಯಂತ ಕೊಳಕು ಭಾಗ ಇನ್ನೂ ಬಾಕಿ ಇದೆ. ಬೋರ್ಡು ಮನೆ ಮುಂದಿನಿಂದ ಮಾಯವಾದದ್ದನ್ನು ಕಂಡು ಸ್ಮಿತಾ ಗುಂಪಿನಲ್ಲಿ ವಿಚಾರಿಸಿದಳು. ನಾನು ಬರೆದೆ: 'ಶಾಲೆ ತುಂಬಾ ಚೆನ್ನಾಗಿದೆ. ಹೋಗಿಬರೋ ಕಮ್ಯೂಟು ಕಷ್ಟ ಆಯ್ತು, ಅದಕ್ಕೆ ಬಿಡಿಸಿದ್ವಿ.' ಕೆಳಗೆ ಒಂದು ನಗುಮುಖ. ಶಾಲೆಯ ದಾಖಲೆಯಲ್ಲಿ ನಾವು ಸ್ವಂತ ಇಚ್ಛೆಯಿಂದ ಬಿಟ್ಟವರು, ಗುಂಪಿನಲ್ಲೂ ಹಾಗೆಯೇ. ಆ ಶಾಲೆಯವರು ಯಾರನ್ನೂ ಹೊರಗೆ ಕಳಿಸುವುದಿಲ್ಲ ಎಂದು ಸ್ಮಿತಾ ಇವತ್ತಿಗೂ ಎದೆ ತಟ್ಟಿ ಹೇಳುತ್ತಾಳೆ. ಅದಕ್ಕೆ ನಾನೇ ಸಾಕ್ಷಿ. ಮುಖ್ಯಸ್ಥೆಯನ್ನು ಆರು ವರ್ಷದಿಂದ ಮನಸಾರೆ ಬೈಯುತ್ತಾ ಬಂದಿದ್ದೇನೆ, ಅವರ ಸುಳ್ಳಿಗೆ ಮೊಹರು ಒತ್ತಿದ ಕೈ ಮಾತ್ರ ನನ್ನದು. ಈಗ ಅಶ್ವಿನಿಗೆ ಆ ಶಾಲೆಯ ಗುಣಗಾನ ಸಿಕ್ಕಿದ್ದೂ ಅದೇ ಗುಂಪಿನಿಂದ.

ಸೊಪ್ಪು ಬಿಡಿಸಿ ಮುಗಿಯುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಅಶ್ವಿನಿ ಒಳಗೆ ಬಂದು ಕೂತಳು. ಕೈಯಲ್ಲಿ ಫಾರಂ, ಇನ್ನೊಂದು ಕೈಯಲ್ಲಿ ಸ್ಟೀಲಿನ ಡಬ್ಬಿ.

"ಮೈಸೂರು ಪಾಕು ಅಕ್ಕಾ. ಗುರುವಾರಕ್ಕೆ ಇನ್ನೊಂದು ಸಲ ಮಾಡ್ಬೇಕು, ಇದು ಟ್ರಯಲ್ಲು. ಬರಿಗೈಲಿ ಹೆಂಗೆ ಹೋಗೋದು ಅಂತ."

ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ. ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮೇಜಿನ ನಡುವೆ ತೆರೆದಿಟ್ಟೆ. ಆಮೇಲೆ ಎಲ್ಲವನ್ನೂ ಹೇಳಿದೆ. ಟಿಕ್ ಮಾಡದ ಚೌಕ, ಹನ್ನೊಂದು ಗಂಟೆಯ ಫೋನು, ಕಚ್ಚಿಕೊಂಡ ಮುಂಗೈ, ನನ್ನದೇ ಪೆನ್ನು, ಗುಂಪಿನಲ್ಲಿ ಹಾಕಿದ ನಗುಮುಖ. ಕಮ್ಯೂಟು ಎಂದು ಬರೆದದ್ದು ಸುಳ್ಳು ಎಂದೆ. ಅಶ್ವಿನಿ ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ಅದಕ್ಕೆ ನಾನು ಅರ್ಹಳೇ.

"ಹಂಗಾದ್ರೆ ಆ ಸ್ಕೂಲ್ ಬೇಡ್ವಾ ಅಕ್ಕಾ?"

"ಬೇಕೋ ಬೇಡ್ವೋ ಆಮೇಲೆ ನೀವು ಯೋಚ್ನೆ ಮಾಡಿ. ಟಿಕ್ ಮಾಡಿದ್ದು ಸರಿ, ಅದು ಹಾಗೇ ಇರ್ಲಿ. ಗುರುವಾರ ಅವ್ರು ಬೇಡ ಅಂತ ಹೇಳಲ್ಲ, ನಿಮ್ಮಿಂದ ಹೇಳಿಸ್ತಾರೆ. ಅದೊಂದು ಮಾಡ್ಬೇಡಿ."

ಅಷ್ಟರಲ್ಲಿ ಚಾರು ಕೋಣೆಯಿಂದ ಹೊರಬಂದಳು. ಹನ್ನೆರಡು ವರ್ಷ ಈಗ, ನನ್ನ ಭುಜಕ್ಕೆ ಬರುತ್ತಾಳೆ. ಅಶ್ವಿನಿ ವಾಡಿಕೆಯಂತೆ ಒಂದು ಮೈಸೂರು ಪಾಕು ಎತ್ತಿ, "ತಗೋ ಪುಟ್ಟಾ" ಎಂದು ಅವಳ ಮುಖದ ಹತ್ತಿರಕ್ಕೇ ಹಿಡಿದಳು.

"ಬೇಡ" ಎಂದಳು ಚಾರು. ಅಳು ಇಲ್ಲ, ಸಿಟ್ಟಿಲ್ಲ. ಹೇಳಿ, ನೀರು ಕುಡಿದು, ಒಳಗೆ ಹೋದಳು.

ಅಶ್ವಿನಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮುಖ ಸಣ್ಣಗಾಯಿತು.

"ಬೇಜಾರು ಮಾಡ್ಕೋಬೇಡಿ. ಆ ಮಾತನ್ನ ಅವಳು ಎರಡು ಸಲ ಕಲಿತಿದ್ದಾಳೆ. ನಿಮಗೆ ಗುರುವಾರದವರೆಗೆ ಟೈಮಿದೆ" ಎಂದೆ. ಮೇಜಿನ ಮೇಲಿದ್ದ ಕರೆಂಟ್ ಬಿಲ್ಲನ್ನು ತಿರುಗಿಸಿ, ಪೆನ್ನು ಇಟ್ಟು, ಅವಳ ಕಡೆಗೆ ಸರಿಸಿದೆ. ನನಗೆ ಬರುವಷ್ಟು ಸಕ್ಕರೆಯನ್ನು ದನಿಗೆ ಬೆರೆಸಿ, ನಿಮ್ಮ ಮಗು ನಮಗೆ ಬಹಳ ಪ್ರೀತಿಯ ಮಗು, ಇಲ್ಲೊಂದು ಸಹಿ ಮಾಡಿ ಎಂದೆ.

ಅಶ್ವಿನಿಯ ಕೈ ತಾನಾಗಿ ಹೋಗಿ ಪೆನ್ನನ್ನು ಎತ್ತಿಕೊಂಡಿತು. ಇಬ್ಬರೂ ಆ ಕೈಯನ್ನು ನೋಡಿದೆವು. ಅವಳು ಪೆನ್ನನ್ನು ನಿಧಾನವಾಗಿ ಕೆಳಗಿಟ್ಟು, ನೆಲ ನೋಡುತ್ತಾ, ತುಟಿಯೊಳಗೇ ಏನೋ ಅಂದಳು.

"ಕೇಳಿಸ್ಲಿಲ್ಲ" ಎಂದೆ.

"ಬೇಡ ಅಂದೆ ಅಕ್ಕಾ."

ಐದು ಸಲ ಹೇಳಿಸಿದೆ. ನಾಲ್ಕು ಸಲ ಸರಿಯಾಗಿ ಬಂತು. ಅವಳು ಹೋದ ಮೇಲೆ ಗುಂಪನ್ನು ತೆರೆದು, ಆರು ವರ್ಷದ ಹಿಂದಿನ ಮಾತನ್ನು ತಿದ್ದಿ, ನಗುಮುಖವಿಲ್ಲದೆ ಬರೆದೆ. ಸ್ಮಿತಾ ನೋಡಿದ್ದಾಳೆ, ಉತ್ತರ ಕೊಟ್ಟಿಲ್ಲ. ಬೋರ್ಡು ಇನ್ನೊಂದೆರಡು ತಿಂಗಳು ಅಲ್ಲೇ ಇರಲಿ, ಬಸಳೆ ಚೆನ್ನಾಗಿ ಹಬ್ಬಿದೆ. ಗುರುವಾರ ನಾನು ರಜೆ ಹಾಕಿ ಅಶ್ವಿನಿಯ ಜೊತೆ ಹೋಗುತ್ತಿದ್ದೇನೆ. ಇಬ್ಬರೂ ಬರಿಗೈಯಲ್ಲಿ, ಪೆನ್ನನ್ನೂ ಮನೆಯಲ್ಲೇ ಬಿಟ್ಟು.